ಹನ್ನೆರಡು ಅಂಕಣದ ದನದ ಮನೆ: ಕಂಬದ ಬುಡದಿಂದ ಮಾಳಿಗೆವರೆಗೆ ದುರಸ್ತಿ

ಗದಗ ಜಿಲ್ಲೆಯ ಡಂಬಳದ ಆಚೆ, ಕಪ್ಪತಗುಡ್ಡದ ಬುಡದಲ್ಲಿರುವ ನಮ್ಮ ಊರಿನ ಹಳೇ ದನದ ಮನೆಯ ಕೆಲಸ ಈ ಮುಂಗಾರಿಗೆ ಒಂದು ಹದಕ್ಕೆ ಬಂತು. ನಮ್ಮ ಸುತ್ತಿನ ಊರುಗಳಲ್ಲಿ ಮೇಲುಮುದ್ದೆಯ (ಮಣ್ಣಿನ ಮಾಳಿಗೆಯ) ಮನೆಗಳು ವರ್ಷ ವರ್ಷ ನೆಲ ಕಾಣುತ್ತಿವೆ. ಕೆಡವುವ ಮುಂಚೆ ಯಾರಾದರೂ ಒಮ್ಮೆ ಓದಲಿ ಎಂದು ಮಾಡಿದ್ದನ್ನು ಮಾಡಿದ ಹಾಗೇ ಬರೆದಿಡುತ್ತಿದ್ದೇನೆ.

ಒಳಗಿನ ಅಳತೆ ಉದ್ದ 31 ಅಡಿ, ಅಗಲ 19 ಅಡಿ 6 ಇಂಚು. ಎರಡು ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ. ನಡುವೆ ಎರಡು ಸಾಲಿನಲ್ಲಿ ಆರು ಬೇವಿನ ಕಂಬ, ಅವುಗಳಿಂದ ಹನ್ನೆರಡು ಅಂಕಣ (ಕಂಬ-ಗೋಡೆಗಳ ನಡುವಿನ ಖಾನೆ), ಪ್ರತಿ ಕಂಬದ ತಲೆಗೆ ಬೋದಿಗೆ (ತೊಲೆಗೆ ಆಸರೆಯಾಗುವ ಅಡ್ಡ ಮರ), ಬೋದಿಗೆ ಮೇಲೆ ಉದ್ದಕ್ಕೆ ತೊಲೆ. ತೊಲೆಯಿಂದ ತೊಲೆಗೆ, ತೊಲೆಯಿಂದ ಗೋಡೆಗೆ ಅಡಿಗೊಂದರಂತೆ ಜಾಲಿ ಜಂತಿ. ಜಂತಿ ಮೇಲೆ ಚಕ್ಕೆ (ಸೀಳಿದ ಕಟ್ಟಿಗೆ), ಚಕ್ಕೆ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು. ಈಗ ಅಲ್ಲಿ ಕಾಕಾನ ಒಂದು ಜೊತೆ ಎತ್ತು, ಒಂದು ಎಮ್ಮೆ, ಹಿಂದಿನ ಅಂಕಣಗಳಲ್ಲಿ ಮೇವು.

ಹೋದ ಹಿಂಗಾರಿ ಮಳೆಯಲ್ಲಿ ಒಂದು ಜಂತಿ ಮುರಿದು ಗ್ವಾದಲಿಯೊಳಗೆ (ದನ ಮೇಯುವ ತೊಟ್ಟಿಯೊಳಗೆ) ಮಣ್ಣು ಸುರಿಯಿತು. ನೋಡಲು ಬಂದ ಇಬ್ಬರು ಗುತ್ತಿಗೆದಾರರೂ ಒಂದೇ ಮಾತು ಹೇಳಿದರು: ಕಟ್ಟಿಗೆ ಹಳೇದಾಯ್ತು, ಕೆಡವಿ ಸ್ಲ್ಯಾಬ್ ಹಾಕಿ. ಒಬ್ಬರು ಚದರ ಅಡಿಗೆ 1,600 ರೂಪಾಯಿಯಂತೆ ಲೆಕ್ಕ ಕೊಟ್ಟರು. ಅಂದರೆ ಒಂಬತ್ತೂವರೆ ಲಕ್ಷದ ಮೇಲೆ. ಆ ದುಡ್ಡು ನಮ್ಮ ಹತ್ತಿರ ಇರಲಿಲ್ಲ. ಇದ್ದಿದ್ದರೂ ಕೆಡವಲು ನನಗೆ ಮನಸ್ಸಿರಲಿಲ್ಲ. ನಮ್ಮ ಬಿಸಿಲಿಗೆ ಸ್ಲ್ಯಾಬಿನ ಕೆಳಗೆ, ತಗಡಿನ ಕೆಳಗೆ ಕಟ್ಟಿದ ದನಗಳು ಏಪ್ರಿಲ್ ಮಧ್ಯಾಹ್ನ ಹೇಗೆ ತೇಕುತ್ತವೆ ಎಂಬುದನ್ನು ಊರಲ್ಲೇ ನೋಡಿದ್ದೇನೆ. ಮಣ್ಣಿನ ಮಾಳಿಗೆ ಕೆಳಗೆ ಅದೇ ಹೊತ್ತಿಗೆ ಅವು ಮೆಲುಕು ಹಾಕುತ್ತ ಮಲಗಿರುತ್ತವೆ.

ಹಂತ 1: ಬಡಿದು ನೋಡಿದ್ದು (ಫೆಬ್ರವರಿ)

ಊರಿನ ಹಿರಿಯ ಬಡಿಗೇರ ಅಜ್ಜನನ್ನು ಕರೆಸಿದೆವು. ಅವರು ತಂದದ್ದು ಒಂದು ಸಣ್ಣ ಸುತ್ತಿಗೆ, ಒಂದು ಉದ್ದ ದಬ್ಬಣ, ಒಂದು ತುಂಡು ಸೀಮೆಸುಣ್ಣ. ಪ್ರತಿ ಕಂಬವನ್ನೂ ನೆಲದಿಂದ ಮೇಲಕ್ಕೆ ನಾಲ್ಕು ನಾಲ್ಕು ಇಂಚಿಗೆ ಒಂದು ಪೆಟ್ಟು ಕೊಟ್ಟು ಕಿವಿಗೊಟ್ಟು ಕೇಳುತ್ತ ಹೋದರು. ಗಟ್ಟಿ ಕಟ್ಟಿಗೆ ಟಣ್ ಎನ್ನುತ್ತದೆ, ಸುತ್ತಿಗೆ ಪುಟಿಯುತ್ತದೆ. ಒಳಗೆ ಕೆಟ್ಟಿದ್ದರೆ ದಬ್ ಎಂದು ಸುತ್ತಿಗೆ ಅಲ್ಲೇ ನಿಲ್ಲುತ್ತದೆ. ಸದ್ದು ಬದಲಾದ ಕಡೆಯಲ್ಲೆಲ್ಲ ಸೀಮೆಸುಣ್ಣದ ಗೆರೆ. ಗೆರೆಯ ಮೇಲೂ ಕೆಳಗೂ ನಾನು 6 ಎಂಎಂ ಡ್ರಿಲ್ಲಿನಿಂದ ತೂತು ಹಾಕಿ ಬಂದ ಪುಡಿಯನ್ನು ಹಾಳೆಯ ಮೇಲೆ ಹಿಡಿದೆ. ಗಟ್ಟಿ ಬೇವು ಸುರುಳಿ ಸುರುಳಿಯಾಗಿ ಕೆಂಪಗೆ ಬರುತ್ತದೆ, ಕಹಿ ವಾಸನೆ ಇನ್ನೂ ಇರುತ್ತದೆ. ಕೆಟ್ಟದ್ದು ಕಂದು ಹಿಟ್ಟಾಗಿ ಬರುತ್ತದೆ, ಬಿಟ್ಟಿಗೆ ತಡೆಯೇ ಸಿಗುವುದಿಲ್ಲ.

ಬಾಗಿಲ ಕಡೆಯಿಂದ ಎಣಿಸಿ ಎಡಸಾಲಿಗೆ 1, 2, 3, ಬಲಸಾಲಿಗೆ 4, 5, 6 ಎಂದು ಬರೆದೆವು. ಮೇವಿನ ಕಡೆಯ 3 ಮತ್ತು 6 ಬುಡದಿಂದ ತಲೆವರೆಗೆ ಗಟ್ಟಿ. 1, 4, 5 ಬುಡದಲ್ಲಿ 8ರಿಂದ 11 ಇಂಚು ಮಾತ್ರ ಕೆಟ್ಟಿದ್ದವು. 2ನೇದು ನೆಲದಿಂದ 2 ಅಡಿ 7 ಇಂಚಿನವರೆಗೆ ಗೆದ್ದಲು ತಿಂದು ಟೊಳ್ಳು. ತೊಲೆ, ಬೋದಿಗೆ ಎಲ್ಲ ಗಟ್ಟಿ. ಹೊಗೆ ಕುಡಿದು ಕಪ್ಪಾದ ಆ ಬೋದಿಗೆಗಳಿಗೆ ದಬ್ಬಣ ಉಗುರಿನಷ್ಟೂ ಇಳಿಯಲಿಲ್ಲ.

ಒಂದೇ ಬೇವು, ಒಂದೇ ವಯಸ್ಸು. ಹಾಗಿದ್ದರೆ 3 ಮತ್ತು 6 ಯಾಕೆ ಉಳಿದವು? 4ನೇ ಕಂಬದ ಮಗ್ಗುಲಿಗೆ ಅಗೆದು ನೋಡಿದೆವು. ಮೇಲೆ 2 ಇಂಚು ಸಿಮೆಂಟು, ಕೆಳಗೆ 7 ಇಂಚು ಗರಸು (ಸಣ್ಣ ಕಲ್ಲು ಬೆರೆತ ಮಣ್ಣು), ಅದರ ಕೆಳಗೆ ಕಂಬದ ಅಡಿಗಲ್ಲು. ಕಟ್ಟಿದವರು ಕಂಬವನ್ನು ನೆಲದ ಮೇಲೆ ನಿಂತ ಕಲ್ಲಿನ ಮೇಲೆಯೇ ನಿಲ್ಲಿಸಿದ್ದರು. ಮುಂದೆ ಹೊರಗಿನ ರಸ್ತೆ ಡಾಂಬರಿನ ಮೇಲೆ ಡಾಂಬರು ಬಿದ್ದು ಎತ್ತರವಾಯಿತು, ಮಳೆನೀರು ಒಳಗೆ ನುಗ್ಗಿತು, ನೀರು ತಡೆಯಲು ನಮ್ಮವರು ಒಳನೆಲ ಎತ್ತರಿಸಿದರು. ಅಡಿಗಲ್ಲು ಮುಳುಗಿ 9 ಇಂಚು ಕಟ್ಟಿಗೆ ಮಣ್ಣಿನೊಳಗೆ ಹೋಯಿತು. ಅದರ ಸುತ್ತ ದಿನಾ ಗಂಜಲ. ಮೇವಿನ ಕಡೆ ನೆಲ ಮೊದಲೇ ಎತ್ತರವಿದ್ದುದರಿಂದ ಅಲ್ಲಿ ಯಾರೂ ಗರಸು ಹಾಕಲಿಲ್ಲ. 3 ಮತ್ತು 6 ಉಳಿದದ್ದು ಅದಕ್ಕೆ.

ಅಜ್ಜ ಎದ್ದು ಕೈ ಝಾಡಿಸಿಕೊಂಡು ಹೇಳಿದರು: “ತಮ್ಮಾ, ಕಂಬ ಕೆಟ್ಟಿಲ್ಲ. ಕಂಬದ ಕಾಲು ನೀವು ಹೂಳೀರಿ.”

ಹಂತ 2: ಮಾಳಿಗೆ ಕಡಿದು ನೋಡಿದ್ದು

ಮುರಿದ ಜಂತಿಯ ಪಕ್ಕದಲ್ಲಿ, ಮಾಳಿಗೆ ಮೇಲೆ ಒಂದು ಅಡಿ ಚೌಕದ ಗುಂಡಿ ತೋಡಿದೆವು. ಒಟ್ಟು ದಪ್ಪ 19 ಇಂಚು. ಗುಂಡಿಯ ಗೋಡೆಯನ್ನು ಕರಣೆಯಿಂದ ನೀಟಾಗಿ ಕೆತ್ತಿದಾಗ ಮನೆಯ ಚರಿತ್ರೆಯೇ ಕಂಡಿತು. ಎಲ್ಲಕ್ಕಿಂತ ಮೇಲೆ ಬಿರುಕು ಬಿಟ್ಟ ಸಿಮೆಂಟಿನ ಪದರ. ಅದರ ಕೆಳಗೆ ಚಿಂದಿಯಾದ ನೀಲಿ ತಾಡಪಾಲು. ಆಮೇಲೆ ನಾಲ್ಕಾರು ಇಂಚು ಎರೆಮಣ್ಣು. ಅದರ ಕೆಳಗೆ ಬೂದು ಬಿಳಿಯ ಸವಳು (ಕ್ಷಾರ) ಮಣ್ಣಿನ ಬೆರಳು ದಪ್ಪದ ಪದರಗಳು ಒಂದರ ಮೇಲೊಂದು. ಇವು ನಮ್ಮ ಅಜ್ಜನ ಕಾಲದವು, ಪ್ರತಿ ಮುಂಗಾರಿನ ಮುಂಚೆ ಹಾಕಿದವು. ತಳದಲ್ಲಿ ಹೊಟ್ಟು ಬೆರೆಸಿ ತುಳಿದ ಕೆಂಪು ಮಣ್ಣು, ಕಪ್ಪು ಕಾಗದದಷ್ಟು ತೆಳುವಾದ ಸೊಪ್ಪು, ಚಕ್ಕೆ, ಜಂತಿ.

ಮಳೆ ನಿಂತು ತಿಂಗಳುಗಳಾಗಿದ್ದವು. ತಾಡಪಾಲಿನ ಕೆಳಗಿನ ಎರೆಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುತ್ತಿತ್ತು. ಸಿಮೆಂಟಿನ ಬಿರುಕಿನಿಂದ ಇಳಿದ ನೀರಿಗೆ ಮೇಲಕ್ಕೆ ಆರಲು ದಾರಿಯೇ ಇರಲಿಲ್ಲ, ಕೆಳಗೆ ಜಂತಿಗೆ ಇಳಿಯುವುದೊಂದೇ ದಾರಿ. ಮುರಿದ ಜಂತಿಯ ಮೇಲ್ಮೈ ಸ್ಪಂಜಿನಂತೆ ಮೆತ್ತಗಿತ್ತು. ಸವಳು ಪದರ ಮಾತ್ರ ಇದ್ದ ಮೂಲೆಯಲ್ಲಿ ಜಂತಿಗೆ ಏನೂ ಆಗಿರಲಿಲ್ಲ.

ಇನ್ನು ಭಾರ. ಒತ್ತಿ ಕೂತ ಮಣ್ಣು ಒಂದು ಘನ ಅಡಿಗೆ ಸುಮಾರು 48 ಕಿಲೋ ತೂಗಿತು (ಬುಟ್ಟಿಯಲ್ಲಿ ತುಂಬಿ ಕಾಳಿನ ತಕ್ಕಡಿಯಲ್ಲಿ ತೂಗಿದೆವು). ಒಂದು ಕಂಬದ ಪಾಲಿಗೆ ಬರುವ ಮಾಳಿಗೆ ಹೆಚ್ಚು ಕಡಿಮೆ 50 ಚದರ ಅಡಿ. 19 ಇಂಚು ದಪ್ಪಕ್ಕೆ ಒಂದೊಂದು ಕಂಬದ ಮೇಲೆ 3.8 ಟನ್. ಕೆಳಗಿನ ಮೂಲ ಪದರಗಳ ಲೆಕ್ಕ ನೋಡಿದರೆ ಕಟ್ಟಿದವರು ಇಟ್ಟದ್ದು 10 ಇಂಚು, ಅಂದರೆ 2 ಟನ್. ಮೇಲಿನ ಒಂಬತ್ತು ಇಂಚು ನಾವು ಹೇರಿದ್ದು.

ಕಾಕಾ ಗುಂಡಿಯೊಳಗೆ ಬಗ್ಗಿ ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: “ಛಲೋ ಆಗ್ಲಿ ಅಂತನ ಹಾಕಿದ್ವಪಾ.” ಅದು ನಿಜ. ಹಿಂದೆ ಸವಳು ಹಾಕುವ ಮುಂಚೆ ಹಳೇ ಪದರವನ್ನು ಸಲಿಕೆಯಿಂದ ಹೆರೆದು ತೆಗೆಯುತ್ತಿದ್ದರು. ಹೆರೆಯಲು ಆಳು ಸಿಗದ ಕಾಲ ಬಂತು, ಹಾಕುವುದು ಉಳಿಯಿತು, ತೆಗೆಯುವುದು ನಿಂತಿತು. ಆವತ್ತೇ ಕೆಲಸದ ದಿಕ್ಕು ನಿರ್ಧಾರವಾಯಿತು: ಹೊಸದು ಹಾಕುವುದಕ್ಕಿಂತ ಮೊದಲು ಹೇರಿದ್ದನ್ನು ಇಳಿಸಬೇಕು. ಮೇಲಿನ ಒಂಬತ್ತು ಇಂಚು, ಕೆಳಗಿನ ಒಂಬತ್ತು ಇಂಚು.

ಹಂತ 3: ಟೇಕು ಕೊಟ್ಟದ್ದು (ಮಾರ್ಚ್ ಮೊದಲ ವಾರ)

ದನಗಳನ್ನು ಹಿತ್ತಲಿನ ಚಪ್ಪರಕ್ಕೆ ಸಾಗಿಸಿದೆವು. ಸೆಂಟ್ರಿಂಗ್ ಕೆಲಸದ ಕಬ್ಬಿಣದ ಪ್ರಾಪುಗಳನ್ನು ಗದಗಿನಿಂದ ಬಾಡಿಗೆಗೆ ತಂದೆವು. 10 ಟನ್ನಿನ ಬಾಟಲಿ ಜಾಕು ಎರಡು ಕೊಂಡೆವು. ಕಂಬದ ಎರಡೂ ಬದಿಗೆ ಒಂದೂವರೆ ಅಡಿ ದೂರದಲ್ಲಿ, ತೊಲೆಯ ಕೆಳಗೆ ಒಂದೊಂದು ಟೇಕು (ಆಸರೆ).

ಮೊದಲ ಸಲ ಪ್ರಾಪನ್ನು ನೇರ ಸಿಮೆಂಟು ನೆಲದ ಮೇಲೆಯೇ ನಿಲ್ಲಿಸಿದೆವು. ಹೆಗ್ಗಣ ಕೊರೆದು ಕೆಳಗಿನ ಗರಸು ಪೊಳ್ಳಾಗಿತ್ತು. ಸ್ಕ್ರೂ ಬಿಗಿ ಮಾಡುತ್ತಿದ್ದ ಹಾಗೇ ನೆಲ ಬಿರಿದು ಪ್ರಾಪು ಮೂರು ಇಂಚು ಕೆಳಗೆ ಕೂತಿತು. ಭಾರ ಇನ್ನೂ ಕಂಬದ ಮೇಲೆಯೇ ಇದ್ದುದರಿಂದ ಯಾರಿಗೂ ಏನೂ ಆಗಲಿಲ್ಲ. ಆಮೇಲೆ ಪ್ರತಿ ಟೇಕಿನ ಜಾಗದಲ್ಲಿ ಸಿಮೆಂಟು, ಗರಸು ತೆಗೆದು ಗಟ್ಟಿ ನೆಲ ಸಿಗುವವರೆಗೆ ಹೋಗಿ, 2 ಅಡಿ ಚೌಕದ ದಪ್ಪ ಪರಸಿ (ಹಾಸು) ಕಲ್ಲು, ಅದರ ಮೇಲೆ 3 ಇಂಚಿನ ಹಲಗೆ ಇಟ್ಟು ಪ್ರಾಪು ನಿಲ್ಲಿಸಿದೆವು. ತಲೆಗೂ ತೊಲೆಗೂ ನಡುವೆ ಗೋಣಿಚೀಲ ಮಡಚಿಟ್ಟ ಹಲಗೆ, ಕಬ್ಬಿಣ ನೇರ ಹಳೇ ಕಟ್ಟಿಗೆಗೆ ಕಚ್ಚಬಾರದು. ಪ್ರಾಪು ಬರೀ ತಾಗಿಸಿ ಬಿಟ್ಟೆವು, ಎತ್ತಲಿಲ್ಲ. ಎತ್ತುವುದು ಭಾರ ಇಳಿದ ಮೇಲೆ.

ಪ್ರತಿ ತೊಲೆಯ ಕೆಳಗೂ ಗೋಡೆಯಿಂದ ಗೋಡೆಗೆ ದಾರ ಬಿಗಿದು, ದಾರಕ್ಕೂ ತೊಲೆಗೂ ಇರುವ ಅಂತರವನ್ನು ಅಂಕಣ ಅಂಕಣಕ್ಕೆ ಗೋಡೆ ಮೇಲೆ ಬರೆದಿಟ್ಟೆವು. ಈ ದಾರ ಮುಂದೆ ಬಹಳ ಉಪಯೋಗಕ್ಕೆ ಬಂತು.

ಹಂತ 4: ಭಾರ ಇಳಿಸಿದ್ದು

600 ಚದರ ಅಡಿಗೆ 9 ಇಂಚು ಅಂದರೆ 450 ಘನ ಅಡಿ, 21 ಟನ್ನಿಗಿಂತ ಹೆಚ್ಚು ಮಣ್ಣು. ಕೂಲಿಯವರು ಮೊದಲ ದಿನ ಒಂದು ಅಂಚಿನಿಂದ ಕಡಿಯುತ್ತ ಬಂದರು, ಕಡಿದ ಮಣ್ಣು ಮಾಳಿಗೆ ಮೇಲೆಯೇ ಒಂದು ಕಡೆ ಗುಡ್ಡೆಯಾಯಿತು. ಕೆಳಗಿನ ದಾರ ನೋಡಿದರೆ ಆ ಅಂಕಣದ ತೊಲೆ ಮೊದಲಿಗಿಂತ ತಗ್ಗಿತ್ತು. ತಕ್ಷಣ ನಿಲ್ಲಿಸಿ ಕ್ರಮ ಬದಲಾಯಿಸಿದೆವು: ನಡುವಿನಿಂದ ಶುರು, ಎಡಕ್ಕೆ ಮೂರು ಇಂಚು ತೆಗೆದರೆ ಬಲಕ್ಕೂ ಮೂರು ಇಂಚು, ಕಡಿದ ಬುಟ್ಟಿ ಕೂಡಲೇ ಕೆಳಗೆ. ಕುಂಬಿಯಿಂದ (ಮಾಳಿಗೆ ಅಂಚಿನ ಗಿಡ್ಡ ಗೋಡೆಯಿಂದ) ಟ್ರೇಲರಿಗೆ ತಗಡಿನ ಜಾರುಬಂಡಿ ಕಟ್ಟಿದ್ದರಿಂದ ಕೆಲಸ ಸಲೀಸಾಯಿತು.

ಸಿಮೆಂಟಿನ ಹೆಂಟೆ, ತಾಡಪಾಲು ಬೇರೆ ಹಾಕಿದೆವು. ಎರೆಮಣ್ಣು ಹೊಲದ ಒಡ್ಡಿಗೆ ಹೋಯಿತು. ಹಳೇ ಸವಳು ಮಣ್ಣನ್ನು ಮಾತ್ರ ಹಿತ್ತಲಲ್ಲಿ ಗುಡ್ಡೆ ಹಾಕಿ ಮುಚ್ಚಿಟ್ಟೆವು, ಅದು ಮತ್ತೆ ಬೇಕಾಗುತ್ತದೆ.

ಭಾರ ಇಳಿದ ಮೇಲೆ ದಾರ ನೋಡಿದರೆ ನಡುವಿನ ಅಂಕಣದ ತೊಲೆ ತಾನಾಗಿಯೇ ಕಾಲು ಇಂಚು ಮೇಲೆದ್ದಿತ್ತು. ಜಾಕು ಮುಟ್ಟಿಸಿರಲಿಲ್ಲ. ಆ ಕಾಲು ಇಂಚು ನೋಡಿದಾಗ ನನಗಾದ ಸಂತೋಷ ಇಡೀ ಕೆಲಸದಲ್ಲಿ ಮತ್ತೊಮ್ಮೆ ಆಗಲಿಲ್ಲ.

ಹಂತ 5: ಕಂಬದ ಬುಡ (ಮಾರ್ಚ್ ಕೊನೆ, ಏಪ್ರಿಲ್)

1, 4, 5ಕ್ಕೆ ಹೊಸ ಕಟ್ಟಿಗೆ ಜೋಡಿಸುವುದೇ ಬೇಡ ಎಂದು ಅಜ್ಜ ತೀರ್ಮಾನಿಸಿದರು. ಕೆಟ್ಟ ಹನ್ನೊಂದು ಇಂಚು ಕೊಯ್ದು ಹಾಕಿ, ಅಷ್ಟೇ ಎತ್ತರದ ಕಲ್ಲನ್ನು ಹಳೇ ಅಡಿಗಲ್ಲಿನ ಮೇಲೆ ಕೂರಿಸುವುದು. ಗಂಜಲ ಮುಟ್ಟುವ ಎತ್ತರದಲ್ಲಿ ಕಟ್ಟಿಗೆಯೇ ಇಲ್ಲದಂತಾಗುತ್ತದೆ. ಮರದ ನಾಡುಗಳಲ್ಲೆಲ್ಲ ಇದೇ ಬುದ್ಧಿ ಓಡಿದೆ. ಹಿಮಾಚಲದ ಕಾಠ್-ಕುಣಿ ಮನೆಗಳಲ್ಲಿ ದೇವದಾರು ತೊಲೆ ಮತ್ತು ಕಲ್ಲನ್ನು ಗಾರೆಯಿಲ್ಲದೆ ಸಾಲು ಸಾಲಾಗಿ ಕಟ್ಟುತ್ತಾರೆ, ನೆಲಮಟ್ಟದಲ್ಲಿ ದನ, ಮೇಲೆ ಜನ. ಅಲ್ಲಿಯೂ ಬುಡದಲ್ಲಿ ಕಲ್ಲಿನ ಪೀಠ, ಮರ ಶುರುವಾಗುವುದು ಅದರ ಮೇಲೆ.

ಕಲ್ಲು ಕೆತ್ತುವವರು ಮೊದಲು ತಂದ ಕಲ್ಲಿನ ತಲೆಯಲ್ಲಿ ಕಂಬ ಕೂರಲು ಒಂದು ಇಂಚು ಆಳದ ಗುಳಿ ಮಾಡಿದ್ದರು. ನೋಡಲು ಭದ್ರ ಅನಿಸುತ್ತಿತ್ತು. ಅಜ್ಜ ಒಪ್ಪಲಿಲ್ಲ. “ಗುಳ್ಯಾಗ ನೀರು ನಿಂದರ್ತಾವು, ಮತ್ತ ಅದ ಕಥಿ” ಎಂದರು. ಆ ಕಲ್ಲನ್ನು ತಿರುವಿ, ಇನ್ನೊಂದು ಮುಖವನ್ನು ನಡುವೆ ಅರ್ಧ ಇಂಚು ಉಬ್ಬಾಗಿ, ಅಂಚಿಗೆ ಇಳಿಜಾರಾಗಿ ಕೆತ್ತಿಸಿದೆವು. ಉಬ್ಬಿನಲ್ಲಿ ಕಂಬ ಕೂರುವಷ್ಟು ಜಾಗ ಮಾತ್ರ ಸಮತಟ್ಟು. ಕಂಬ ಸರಿಯದಂತೆ ಕಲ್ಲಿನಿಂದ ಮೇಲಕ್ಕೆ 20 ಎಂಎಂ ಸ್ಟೇನ್‌ಲೆಸ್ ಸ್ಟೀಲಿನ ಸಲಾಕೆ 3 ಇಂಚು ಎದ್ದಿರುತ್ತದೆ, ಕಂಬದ ಬುಡದಲ್ಲಿ ಅದಕ್ಕೆ ತೂತು. ಗುಳಿ ಕಲ್ಲಿಗಲ್ಲ, ಕಟ್ಟಿಗೆಗೆ ಕೆಳಮುಖವಾಗಿ. ನೀರು ನಿಲ್ಲಲು ಜಾಗವಿಲ್ಲ.

ಎತ್ತುವ ಕ್ರಮ: ಜಾಕಿನ ಹ್ಯಾಂಡಲ್ ಎರಡು ಒತ್ತು, ದಾರ ನೋಡು, ಗೋಡೆ ನೋಡು, ಸ್ವಲ್ಪ ಹೊತ್ತು ಬಿಡು. ಪ್ರಾಪಿನ ಸ್ಕ್ರೂ ಬಿಗಿ ಮಾಡಿ ಮತ್ತೆ ಎರಡು ಒತ್ತು. ಕಂಬದ ಕೆಳಗೆ ಗರಗಸದ ಎಲೆ ಆಡುವಷ್ಟು ಸಡಿಲವಾದರೆ ಸಾಕು. ತೊಲೆಯನ್ನು ದಾರದ ನೇರಕ್ಕೆ ತರಲು ಹೋಗಬಾರದು. ವರ್ಷಗಟ್ಟಲೆ ಬಾಗಿ ಕೂತ ಕಟ್ಟಿಗೆ ಬಾಗಿಯೇ ಗಟ್ಟಿಯಾಗಿರುತ್ತದೆ, ಹಟ ಹಿಡಿದರೆ ಸೀಳುತ್ತದೆ. 5ನೇ ಕಂಬದ ಹತ್ತಿರ ಅರ್ಧ ಇಂಚು ಎತ್ತಿದ್ದಕ್ಕೇ ಗೋಡೆಯ ತಲೆಯಲ್ಲಿ ಕೂದಲೆಳೆ ಬಿರುಕು ಕಂಡಿತು. ಅಲ್ಲಿಗೆ ನಿಲ್ಲಿಸಿ ಒಂದು ಎಳೆ ಕೆಳಗಿಳಿಸಿದೆವು.

2ನೇ ಕಂಬಕ್ಕೆ ಕಲ್ಲೊಂದರಿಂದ ಆಗುವಂತಿರಲಿಲ್ಲ. ನಡುವೆ ಟೊಳ್ಳು ಎರಡೂವರೆ ಅಡಿ ದಾಟಿತ್ತು. ಬುಡಕ್ಕೆ ಅದೇ ಥರದ ಕಲ್ಲು, ಅದರ ಮೇಲೆ ಹೊಸ ಕಾಲು, ಮೇಲಿನ ಹಳೇ ಕಂಬಕ್ಕೆ ಜೋಡಣೆ. ಗುಡ್ಡದ ಕಟ್ಟಿಗೆಯ ಮಾತೇ ಇಲ್ಲ, ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಹುಬ್ಬಳ್ಳಿಯಲ್ಲಿ ಕೆಡವಿದ ಮನೆಗಳ ಕಟ್ಟಿಗೆ ಮಾರುವ ಕಡೆ 7 ಇಂಚು ಚೌಕದ ಮತ್ತಿ ತೊಲೆಯೊಂದು ಸಿಕ್ಕಿತು, ಘನ ಅಡಿಗೆ 1,900 ರೂಪಾಯಿ. ಹಳೇ ಕಟ್ಟಿಗೆಯ ದೊಡ್ಡ ಅನುಕೂಲ, ಅದು ಒಣಗಿ ಸೊರಗುವುದಷ್ಟೂ ಮುಗಿದಿರುತ್ತದೆ. ಹಸಿ ಕಟ್ಟಿಗೆ ಜೋಡಿಸಿದರೆ ಬೇಸಿಗೆಗೆ ಕೂಡು ಬಾಯಿ ಬಿಡುತ್ತದೆ. ಅನಾನುಕೂಲ, ಒಳಗೆ ಅಡಗಿದ ಮೊಳೆ. ಒಂದು ಗರಗಸದ ಹಲ್ಲು ಅದಕ್ಕೇ ಹೋಯಿತು. ಆಮೇಲೆ ಕೊಯ್ಯುವ ಮುಂಚೆ ಸ್ಪೀಕರಿನ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ಕಟ್ಟಿಗೆಯ ಮೇಲೆ ಎಳೆದು ನೋಡುತ್ತಿದ್ದೆವು, ಮೊಳೆಯಿದ್ದಲ್ಲಿ ಅದು ಕಚ್ಚಿಕೊಳ್ಳುತ್ತದೆ.

ಜೋಡಣೆ ಹೀಗೆ: ಹಳೇ ಕಂಬದ ಗಟ್ಟಿ ಭಾಗದಲ್ಲಿ 14 ಇಂಚು ಉದ್ದಕ್ಕೆ ಅರ್ಧ ದಪ್ಪ ತೆಗೆದು, ಹೊಸ ಕಾಲಿನಲ್ಲಿ ಎದುರಿನ ಅರ್ಧ ತೆಗೆದು, ಎರಡನ್ನೂ ಒಂದಕ್ಕೊಂದು ಅಪ್ಪಿಸುವುದು. ಎರಡೂ ತುದಿಯಲ್ಲಿ ಅಡ್ಡ ಮೆಟ್ಟಿಲು, ಭಾರ ಇಳಿಯುವುದು ಆ ಮೆಟ್ಟಿಲುಗಳ ಮೇಲೆ. ಹಾಗಾಗಿ ಬೋಲ್ಟಿನ ಕೆಲಸ ಎರಡು ತುಂಡುಗಳನ್ನು ಹಿಡಿದಿಡುವುದಷ್ಟೇ. ಅಜ್ಜ ಮೆಟ್ಟಿಲಿಗೆ ಕಾಡಿಗೆ ಹಚ್ಚಿ ಕೂರಿಸಿ, ಎತ್ತಿ, ಕಪ್ಪು ತಾಗಿದ ಕಡೆ ಉಳಿಯಿಂದ ಒಂದೊಂದು ಸಿಬಿರು ತೆಗೆಯುತ್ತಿದ್ದರು. ಮತ್ತೆ ಕೂರಿಸಿ, ಮತ್ತೆ ಎತ್ತಿ. ಕಪ್ಪು ಎಲ್ಲ ಕಡೆ ಸಮನಾಗಿ ಹತ್ತುವವರೆಗೆ ಬಿಡಲಿಲ್ಲ. ಸಂದಿನಲ್ಲಿ ಅಂಚೆ ಕಾರ್ಡು ಕೂಡ ಹೋಗುತ್ತಿರಲಿಲ್ಲ. 12 ಎಂಎಂ ಸ್ಟೇನ್‌ಲೆಸ್ ಬೋಲ್ಟು ಎರಡು, ಒಂದೇ ನೇರಕ್ಕಲ್ಲದೆ ಸ್ವಲ್ಪ ಓರೆಯಾಗಿ. ಸಾದಾ ಕಬ್ಬಿಣದ ಬೋಲ್ಟು ಗಂಜಲದ ಆವಿಗೆ ತುಕ್ಕು ಹಿಡಿದು ಕಟ್ಟಿಗೆಯನ್ನೂ ಕೆಡಿಸುತ್ತದೆ.

ಔಷಧ: 10 ಲೀಟರ್ ಬಿಸಿನೀರಿಗೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆಸಿಡ್. ಕೊಯ್ದ ತುದಿಗಳಿಗೆ, ಜೋಡಣೆಯ ಒಳಮುಖಕ್ಕೆ, ತೊಲೆ-ಜಂತಿಗಳಿಗೆ ಹೀರುವಷ್ಟು ಹಚ್ಚಿದೆವು. ಕಂಬದ ಹೊರಮೈಗೆ ನೆಲದಿಂದ ಐದು ಅಡಿ ಎತ್ತರದವರೆಗೆ ಇದನ್ನು ಮುಟ್ಟಿಸಲಿಲ್ಲ, ದನ ನೆಕ್ಕುತ್ತವೆ. ಅಲ್ಲಿಗೆ ಬರೀ ಬೇವಿನೆಣ್ಣೆ. ಸುಟ್ಟ ಎಂಜಿನ್ ಆಯಿಲ್ ಬಳಿಯಿರಿ ಎಂದು ಊರಲ್ಲಿ ಬಹಳ ಜನ ಹೇಳಿದರು. ದನದ ಮನೆಯಲ್ಲಿ ಅದು ಬೇಡವೇ ಬೇಡ.

ಹಂತ 6: ಜಂತಿ

ಮುರಿದ, ಮೆತ್ತಗಾದ ಜಂತಿ ಒಟ್ಟು 11. ಮೊದಲನೆಯದನ್ನು ಎಳೆದು ತೆಗೆಯಲು ಹೋದಾಗ ಗೋಡೆಯ ತಲೆಯಿಂದ ಒಂದು ಬುಟ್ಟಿ ಕಲ್ಲು-ಮಣ್ಣು ಕಿತ್ತುಬಂತು. ಉಳಿದವನ್ನು ತೆಗೆಯಲೇ ಇಲ್ಲ. ಕೆಟ್ಟ ಜಂತಿಯ ಮಗ್ಗುಲಿಗೆ ಹೊಸದನ್ನು ಜೋಡಿಯಾಗಿ ಸೇರಿಸಿದೆವು. ಗೋಡೆಯೊಳಗೆ ಹೋಗುವ ತುದಿಯ ಸುತ್ತ ಮಣ್ಣು ಮೆತ್ತದೆ ಒಣಕಲ್ಲು ಜೋಡಿಸಿ ಗಾಳಿಯಾಡಲು ಬಿಟ್ಟೆವು. ಸಾಮಾನ್ಯವಾಗಿ ಜಂತಿ ಕೆಡುವುದು ಆ ತುದಿಯಲ್ಲೇ. ಜಾಲಿಯ ಹೊರಗಿನ ಬಿಳಿ ಭಾಗವನ್ನು ಬಾಚಿಯಿಂದ ಕೆತ್ತಿ ಕೆಚ್ಚು (ಒಳಗಿನ ಗಟ್ಟಿ ತಿರುಳು) ಮಾತ್ರ ಉಳಿಸಿದೆವು. ಗೆದ್ದಲಿಗೆ ಮೊದಲ ತುತ್ತು ಆ ಬಿಳಿಯೇ.

ಹಂತ 7: ನೆಲ ಮತ್ತು ಹೊರಗಿನ ನೀರು

ಒಳಗಿನ ಸಿಮೆಂಟು, ಗರಸು ಪೂರಾ ತೆಗೆದೆವು. ಹಳೇ ಮಟ್ಟದಲ್ಲಿ ಪರಸಿ ಕಲ್ಲು, ಗಂಜಲ ಹರಿಯಲು 4 ಅಡಿಗೆ 1 ಇಂಚು ಇಳಿಜಾರು. ಪ್ರತಿ ಕಂಬದ ಕಲ್ಲಿನ ಸುತ್ತ ಎರಡು ಇಂಚು ಜಾಗಕ್ಕೆ ಪರಸಿ ಮುಟ್ಟಿಸದೆ ಸಣ್ಣ ಜಲ್ಲಿ ತುಂಬಿದೆವು.

ನೆಲ ತಗ್ಗಿಸಿದರೆ ರಸ್ತೆಯ ನೀರು ಮತ್ತೆ ಒಳಗೆ ಬರುತ್ತದೆಂಬುದು ಕಾಕಾನ ಅಂಜಿಕೆ. ಅದಕ್ಕೆ ಹೊರಗೆ ಗೋಡೆಗುಂಟ ಜಮೆಯಾಗಿದ್ದ 10 ಇಂಚು ಮಣ್ಣು ತೆಗೆದು, ಗೋಡೆಯಿಂದ ಎರಡು ಅಡಿ ಬಿಟ್ಟು, ಒಂದು ಅಡಿ ಅಗಲದ ಕಲ್ಲಿನ ಗಟಾರು ಕಟ್ಟಿ ಹಿತ್ತಲಿನ ತೆಂಗಿನ ಗಿಡಗಳ ಕಡೆ ತಿರುಗಿಸಿದೆವು. ಬಾಗಿಲಿಗೆ 6 ಇಂಚು ಎತ್ತರದ ಕಲ್ಲಿನ ಹೊಸ್ತಿಲು.

ಹಂತ 8: ಮೇಲುಮುದ್ದೆ (ಮೇ)

ರೋಹಿಣಿ ಮಳೆ ಹೂಡುವುದರೊಳಗೆ ಮಾಳಿಗೆ ಮುಗಿಯಬೇಕಿತ್ತು. ಜಂತಿ ಜೋಡಿಸಿದ ಅಂಕಣಗಳಲ್ಲಿ ಚಕ್ಕೆ ಹೊಂದಿಸಿ, ಅದರ ಮೇಲೆ ಲಕ್ಕಿ ಸೊಪ್ಪು ಮತ್ತು ಬೇವಿನ ಸೊಪ್ಪು ಮೂರು ಇಂಚು ದಪ್ಪ ಹಾಸಿದೆವು (ಮಣ್ಣು ಬಿದ್ದ ಮೇಲೆ ಅದು ಬೆರಳು ದಪ್ಪಕ್ಕೆ ಕೂರುತ್ತದೆ). ಹೊಟ್ಟು ಬೆರೆಸಿ ಕೊಳೆಹಾಕಿದ್ದ ಕೆಂಪು ಮಣ್ಣನ್ನು ಎರಡು ಪದರದಲ್ಲಿ ತುಳಿದು ಬಡಿದೆವು. ಮೊದಲ ಪದರ ಆರುವ ಮುಂಚೆ ಎರಡನೆಯದು ಹಾಕಿದ ಒಂದು ಅಂಕಣದಲ್ಲಿ ಮಣ್ಣು ಬಿರಿಯಿತು, ಅದನ್ನು ಕಿತ್ತು ಮತ್ತೆ ಹಾಕಿದೆವು.

ಸವಳು ಮಣ್ಣಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಇಡೀ ಮಾಳಿಗೆ ನಿಂತಿರುವುದು ಅದರ ಮೇಲೆ. ಹಳ್ಳದ ದಂಡೆಯಲ್ಲಿ ಬೆಳೆ ಬಾರದ, ಬಿಳಿ ಹೊಪ್ಪಳಿಕೆ ಎದ್ದ ನೆಲ ಸವಳು. ಅದರ ಜೇಡಿ ನೀರು ಬಿದ್ದಾಗ ಕರಗಿ ಹರಡಿ ಮಣ್ಣಿನ ಸಂದುಗಳನ್ನು ಮುಚ್ಚಿಬಿಡುತ್ತದೆ, ಮೇಲಿನ ಅರ್ಧ ಇಂಚು ಒದ್ದೆಯಾದರೂ ಕೆಳಗಿನದು ಒಣಗಿರುತ್ತದೆ. ಹೊಲಕ್ಕೆ ಶಾಪವಾದದ್ದು ಮಾಳಿಗೆಗೆ ವರ. ಆದರೆ ಬೆಳ್ಳಗೆ ಕಂಡದ್ದೆಲ್ಲ ಸವಳಲ್ಲ. ನಾವು ಮೊದಲು ತಂದ ಮಣ್ಣಿನ ಕಡಲೆಕಾಳಿನಷ್ಟು ಹೆಂಟೆಯನ್ನು ಗಾಜಿನ ಲೋಟದ ಮಳೆನೀರಿಗೆ ಹಾಕಿ ಅಲುಗಾಡಿಸದೆ ಇಟ್ಟೆವು. ಹೆಂಟೆ ಕುಸಿದು ತಳದಲ್ಲಿ ಕೂತಿತು, ನೀರು ತಿಳಿಯಾಗಿಯೇ ಉಳಿಯಿತು. ಅಂಥದು ಮಾಳಿಗೆಗೆ ಬರುವುದಿಲ್ಲ. ಇನ್ನೊಂದು ಜಾಗದ ಹೆಂಟೆಯ ಸುತ್ತ ಸ್ವಲ್ಪ ಹೊತ್ತಿಗೇ ಹಾಲಿನಂಥ ಮಬ್ಬು ಎದ್ದಿತು, ಮರುದಿನವೂ ನೀರು ತಿಳಿಯಾಗಿರಲಿಲ್ಲ. ಅದು ನಿಜವಾದ ಸವಳು. ಹಿತ್ತಲಲ್ಲಿ ಎತ್ತಿಟ್ಟಿದ್ದ ಹಳೇ ಮಣ್ಣೂ ಹೀಗೇ ಮಬ್ಬು ಬಿಟ್ಟಿತು, ಇಷ್ಟು ವರ್ಷ ಮಾಳಿಗೆ ಮೇಲಿದ್ದರೂ ಗುಣ ಕಳೆದುಕೊಂಡಿರಲಿಲ್ಲ. ಎರಡನ್ನೂ ಜರಡಿ ಹಿಡಿದು ಬೆರೆಸಿ ಎರಡು ಇಂಚು ಹರಡಿ, ನೀರು ಚಿಮುಕಿಸಿ, ಮರದ ಹಲಗೆಯಿಂದ ಬಡಿದೆವು.

ಎಲ್ಲ ಸೇರಿ ದಪ್ಪ 10 ಇಂಚು. ಕುಂಬಿಯ ಒಳಬದಿಗೆ ಇಟ್ಟಿಗೆಯ ಗುರುತು ಕೂರಿಸಿದ್ದೇವೆ: ಮಣ್ಣು ಈ ಗುರುತು ದಾಟಬಾರದು, ದಾಟಿದರೆ ಮೊದಲು ಹೆರೆಯಬೇಕು. ನೀರು ಹೋಗುವ ಕಡೆಗೆ ಇಳಿಜಾರು 19 ಅಡಿಗೆ 4 ಇಂಚು. ನೀರಿನ ಕೊಳವೆಗಳನ್ನು ಗೋಡೆಯಿಂದ ಒಂದೂವರೆ ಅಡಿ ಹೊರಗೆ ಚಾಚಿಸಿದೆವು, ಹಳೇವು ಮುರಿದು ಮೋಟಾಗಿ ನೀರೆಲ್ಲ ಗೋಡೆಗೇ ಇಳಿಯುತ್ತಿತ್ತು. ಸಿಮೆಂಟು ಬಡಿದು ಮುಚ್ಚಿದ್ದ ಬೆಳಕಿಂಡಿಯನ್ನು ತೆರೆದು, ಬುಡ ಒಡೆದ ಗಡಿಗೆಯನ್ನು ಮಣ್ಣಿನಿಂದ 6 ಇಂಚು ಮೇಲೆ ನಿಲ್ಲುವಂತೆ ಕೂರಿಸಿದೆವು.

ಹಂತ 9: ಮಳೆ ಬಂದ ಮೇಲೆ (ಜೂನ್)

ಮೃಗಶಿರಾದ ಮೊದಲ ದೊಡ್ಡ ಮಳೆ ರಾತ್ರಿ ಬಂತು. ಕಾಕಾ, ನಾನು ಬ್ಯಾಟರಿ ಹಿಡಿದು ಅಂಕಣ ಅಂಕಣ ನೋಡುತ್ತ ಹೋದೆವು. ರಸ್ತೆಯ ನೀರು ಗಟಾರಿನಲ್ಲೇ ಹೋಯಿತು. ಮಾಳಿಗೆ ಸೋರಿದ್ದು ಒಂದೇ ಕಡೆ, ಬೆಳಕಿಂಡಿಯ ಸುತ್ತ. ಗಡಿಗೆಯ ಬದಿಗೆ ಹಾಕಿದ ಮಣ್ಣು ಸಮತಟ್ಟಾಗಿತ್ತು, ನೀರು ಅಲ್ಲೇ ನಿಂತು ಸಂದಿನಿಂದ ಇಳಿದಿತ್ತು. ಬಿಸಿಲು ಬಿದ್ದ ಮೇಲೆ ಸವಳಿನಿಂದ ಗಡಿಗೆಯ ಸುತ್ತ ನಾಲ್ಕು ಇಂಚು ಎತ್ತರದ ದಿಬ್ಬ ಕಟ್ಟಿ ಹೊರಕ್ಕೆ ಇಳಿಜಾರು ಕೊಟ್ಟೆವು. ಆಮೇಲಿನ ಮಳೆಗೆ ಸೋರಲಿಲ್ಲ. ಕಾರಹುಣ್ಣಿಮೆಗೆ ಎತ್ತುಗಳು ಒಳಗೆ ಬಂದವು.

ಖರ್ಚು: ಮಣ್ಣು ಇಳಿಸಿದ ಕೂಲಿ 24,000, ಟ್ರ್ಯಾಕ್ಟರ್ 6,500, ಪ್ರಾಪು ಬಾಡಿಗೆ ಮತ್ತು ಜಾಕು 9,800, ಬಡಿಗೇರ ಅಜ್ಜ ಮತ್ತು ಅವರ ಮೊಮ್ಮಗನ ಪಗಾರ 46,000, ಹಳೇ ಕಟ್ಟಿಗೆ 21,000, ಕಂಬದ ನಾಲ್ಕು ಕಲ್ಲು 8,800, ಪರಸಿ ನೆಲ ಮತ್ತು ಗಟಾರು 31,000, ಔಷಧ-ಎಣ್ಣೆ-ಬೋಲ್ಟು 7,400, ಮೇಲುಮುದ್ದೆಯ ಮಣ್ಣು, ಸೊಪ್ಪು, ಕೂಲಿ 18,000. ಒಟ್ಟು 1,72,500 ರೂಪಾಯಿ. ಇದರಲ್ಲಿ ಮನೆಯವರ ದುಡಿಮೆ ಸೇರಿಲ್ಲ. ಇನ್ನು ಮುಂದೆ ಪ್ರತಿ ಬೇಸಿಗೆ ಸವಳು ಹೆರೆದು ಹಾಕುವ ಕೂಲಿ ಇದ್ದೇ ಇದೆ, ಅದನ್ನು ಲೆಕ್ಕಕ್ಕೆ ಹಿಡಿದೇ ಈ ಕೆಲಸಕ್ಕೆ ಕೈ ಹಾಕಬೇಕು.

ಉಳಿದದ್ದು ಪಡುವಣ ಗೋಡೆ. ಅದರ ಹೊರಮೈಗೆ ಬಳಿದ ಸಿಮೆಂಟು ಗಿಲಾವು ಬಡಿದರೆ ಪೊಳ್ಳು ಸದ್ದು ಬರುತ್ತದೆ, ಹಿಂದಿನ ಮಣ್ಣು ಬಿಟ್ಟಿದೆ. ಮಳೆಗಾಲದಲ್ಲಿ ಕೀಳುವುದು ಅಪಾಯ. ಬನ್ನಿ ಹಬ್ಬ ಮುಗಿದು ಗೋಡೆ ಒಣಗಿದ ಮೇಲೆ ಕಿತ್ತು, ಮಣ್ಣು-ಸುಣ್ಣದ ಗಿಲಾವು ಹಾಕುವವರಿದ್ದೇವೆ. ಸುಣ್ಣದ ಗಿಲಾವು ಬಲ್ಲ ಗೌಂಡಿಯೊಬ್ಬರು ಮುಂಡರಗಿ ಕಡೆ ಸಿಕ್ಕಿದ್ದಾರೆ, ಸುಣ್ಣ ಈಗಾಗಲೇ ಹಿತ್ತಲಿನ ಗುಂಡಿಯಲ್ಲಿ ನೆನೆಯುತ್ತಿದೆ.